ಟೋಕನ್ ನಂಬರ್ ಏಳು

ಕೂತ್ಕೋ ನೀಲವೇಣಿ, ಸ್ಟೂಲಿಗೆ ಒಂದು ಕಾಲು ಕುಂಟು,
ಗೋಡೆಗೆ ಒರಗಿಸಿಕೊಂಡರೆ ಸರಿಹೋಗುತ್ತೆ.
ಗಾಡಿಗಳೆಲ್ಲ ಬಂದು ನಿಂತಿವೆ. ಇನ್ನು ಹನ್ನೊಂದರವರೆಗೆ
ಮಹಡಿ ಮೇಲಿನವರು ಇಳಿಯೋದಿಲ್ಲ.
ಮೊದಲು ಇಳಿಯುವವರು ಸೋತವರು,
ಅವರ ಹತ್ತಿರ ಚಿಲ್ಲರೆ ಕೇಳಬೇಡ.

ಈ ಕಟ್ಟೂ ಅವರದೇ.
ಮೂಲೆ ಮಡಿಸಿದ ಎಲೆಯನ್ನು ಅವರು ಮುಟ್ಟೋದಿಲ್ಲ.
ಮಾರ್ಕರ್ ಅರುಳಪ್ಪ ಕಸದ ಬುಟ್ಟಿಗೆ ಹಾಕುವ ಬದಲು
ನನ್ನ ಕೈಗೆ ಹಾಕಿದ, ಒಂಟಿ ಆಟವನ್ನೂ ಹೇಳಿಕೊಟ್ಟ:
ಇದರಲ್ಲಿ ಸಾಲ ಕೊಡುವವನಿಲ್ಲ ಅಕ್ಕಾ,
ಬಯ್ಯಬೇಕು ಅನಿಸಿದರೆ ನಿನ್ನನ್ನೇ ಬೈದುಕೋ.

ಕಲೆಸು. ಅವರ ಹಾಗೆ ಗಾಳಿಯಲ್ಲಿ ಹಾರಿಸಬೇಡ,
ಅವಲಕ್ಕಿ ಕಲೆಸಿದ ಹಾಗೆ, ಮೆತ್ತಗೆ.
ಏಳು ಸಾಲು. ಮೊದಲನೆಯದಕ್ಕೆ ಒಂದೆಲೆ, ಎರಡನೆಯದಕ್ಕೆ ಎರಡು,
ಹೀಗೇ ಕೊನೆಯದಕ್ಕೆ ಏಳು.
ಪ್ರತಿ ಸಾಲಿನ ಕೊನೇ ಎಲೆ ಮಾತ್ರ ಮುಖ ತೋರಬೇಕು.
ಮಿಕ್ಕ ಇಪ್ಪತ್ತನಾಲ್ಕು ಕೈಯಲ್ಲಿರಲಿ.

ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು,
ರಾಜನಿಂದ ಒಂದೊಂದೇ ಮೆಟ್ಟಿಲು ಇಳಿ.
ಸಾಲು ಖಾಲಿಯಾದರೆ ಆ ಜಾಗ ರಾಜನಿಗೆ ಮಾತ್ರ.
ಗುಲಾಮನಿಗೆ ಯಾಕಿಲ್ಲ ಅಂತೀಯಾ?
ನಾನೂ ಅದನ್ನೇ ಕೇಳಿದ್ದೆ. ಅರುಳಪ್ಪ ನಕ್ಕ,
ಅಷ್ಟರಲ್ಲಿ ಮೇಲೆ ಬೆಲ್ಲಾಯಿತು, ಸೋಡಾ ತರಲು ಓಡಿದ.

ಎಕ್ಕ ಬಂದರೆ ಮೇಲಿಡು,
ಅದರ ಮೇಲೆ ಅದೇ ಜಾತಿಯ ಎರಡು, ಮೂರು.
ನಾಲ್ಕು ಗುಡ್ಡೆಯೂ ರಾಜನವರೆಗೆ ಬೆಳೆದರೆ ಗೆದ್ದೆ.
ಕೈಯ ಎಲೆ ಮೂರು ಮೂರಾಗಿ ತೆಗಿ, ಮೂರನೆಯದಷ್ಟೇ ನಿನ್ನದು.
ಮೊದಲೆರಡು, ಮಿನರ್ವ ಸರ್ಕಲ್ಲಿನಲ್ಲಿ ನಿಲ್ಲಿಸದೆ ಹೋಗುವ ಬಸ್ಸು,
ಬೋರ್ಡು ಕಾಣುತ್ತೆ, ಹತ್ತೋಕಾಗಲ್ಲ.

ಈ ಕಟ್ಟಿನಲ್ಲಿ ಒಂದೆಲೆ ಇಲ್ಲ, ಕಳಾವರ್ ಏಳು.
ಅದರ ಜಾಗಕ್ಕೆ ಈ ಹಳದಿ ರಟ್ಟು,
ನಮ್ಮ ಸ್ಟ್ಯಾಂಡಿನದೇ ಟೋಕನ್ನು, ನಂಬರ್ ಏಳು.
ಹಳದಿಯಾದರೂ ಕಪ್ಪೆಂದೇ ತಿಳಿ.
ಇದರ ಇನ್ನರ್ಧ ವಿಲ್ಸನ್ ಗಾರ್ಡನ್ನಿನ ಸಂಪಂಗಿಯ ಜೇಬಿನಲ್ಲಿದೆ.
ಆ ರಾತ್ರಿ ಇಳಿದು ಬಂದು, ಗೇಟಿನ ಹತ್ತಿರ ನಿಂತು
ಎರಡೂ ಜೇಬು ತಟ್ಟಿಕೊಂಡ.
ಗಾಡಿ ಇಲ್ಲೇ ಇರಲಿ, ಬಸ್ಸಿಗೆ ಹೋಗ್ತೀನಿ ಅಂದ.
ಆ ಹೊತ್ತಿಗೆ ಬಸ್ಸಿರಲಿಲ್ಲ.
ಅಗೋ, ಮರದ ಬುಡದಲ್ಲಿರುವ ನೀಲಿ ಸ್ಕೂಟರು.
ಅದರ ಕಾಲಿಡುವ ಜಾಗದಲ್ಲಿ ಬೆಕ್ಕು ಎರಡು ಸಲ ಮರಿ ಹಾಕಿದೆ.
ಗುಜರಿಗೆ ಹಾಕು ಅಂತ ಸೆಕ್ರೆಟರಿ ಅಂದಾಗಲೆಲ್ಲ
ನಾಳೆ ಅಂದಿದ್ದೇನೆ.

ಆಟಕ್ಕೆ ಇದೊಂದು ತೊಡಕು ನೋಡು,
ಬೋರಲು ಹಾಕಿದರೂ ಹಳದಿ ಹಳದಿಯೇ.
ಮಿಕ್ಕ ಎಲೆಗಳು ಎಲ್ಲೆಲ್ಲಿವೆಯೋ ತಿಳಿಯದೆ ಆಡ್ತೀಯ,
ಇದು ಮಾತ್ರ ಐದನೇ ಸಾಲಿನ ತಳದಲ್ಲಿದೆ ಅಂತ
ಹಂಚುವಾಗಲೇ ಕಾಣುತ್ತೆ.
ಕಂಡರೇನು?
ಮೇಲಿನ ನಾಲ್ಕು ಏಳದೆ ಇದು ಏಳೋದಿಲ್ಲ.
ಮೊದಮೊದಲು ನಾನು ಕೆಳಗಿನಿಂದ ಎಳೆದುಕೊಂಡಿದ್ದುಂಟು.
ಗೆದ್ದದ್ದೂ ಉಂಟು. ನೋಡುವವರು ಯಾರೂ ಇರಲಿಲ್ಲ,
ಆದರೂ ಗೇಟಿನ ಕಡೆ ಒಮ್ಮೆ ತಿರುಗಿ ನೋಡಿದೆ.

ಸಿಕ್ಕಿಹಾಕಿಕೊಂಡರೆ ಬಾಚಿ ಮತ್ತೆ ಕಲೆಸು.
ಬಹಳ ಸಲ ಸೋಲ್ತೀಯ, ಕಳೆದುಕೊಳ್ಳೋದು ಬರೀ ಹೊತ್ತು,
ಅದಕ್ಕೆ ಹೇಗೂ ಸಂಬಳ ಕೊಡ್ತಾರೆ.

ಸೋಮವಾರದಿಂದ ಈ ಸ್ಟೂಲು ನಿನ್ನದು.
ಯಾರಾದರೂ ಬಂದು ಅರ್ಧ ರಟ್ಟು ಚಾಚಿದರೆ
ಹರಿದ ಅಂಚಿಗೆ ಅಂಚು ಕೂಡಿಸಿ ನೋಡು.
ಕೂಡಿತಾ, ಆಟ ಎಲ್ಲಿಗೇ ಬಂದಿರಲಿ,
ಇದು ಯಾವ ತಳದಲ್ಲೇ ಇರಲಿ,
ಮೇಲಿನದನ್ನೆಲ್ಲ ಸರಿಸಿ ಎಳೆದು ಕೊಡು.
ಆವತ್ತು ಅದು ಮೋಸ ಅಲ್ಲ.
ಎಷ್ಟು ವರ್ಷದ ಬಾಡಿಗೆ ಅಂತ ಲೆಕ್ಕ ಹಾಕಬೇಡ.
ಗಾಡಿ ತೆಗೆಯೋಕೆ ಮುಂಚೆ ಮಾತ್ರ
ಬೆಕ್ಕನ್ನು ಏಳಿಸು.